ಅಮ್ಮನ ಪಾಲಿನ ನೀರು

ಪ್ರೀತಿಯ ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ವಾರಕ್ಕೆ ಮೂರು ದಿನ ಅಮ್ಮನ ಡಯಾಲಿಸಿಸ್. ಪ್ರತಿ ಸಲ ನಾಲ್ಕು ಗಂಟೆ. ಬಸ್ಸು, ಸರದಿ, ಔಷಧಿ ಖರ್ಚು, ಮರುದಿನ ಮತ್ತೆ ಅಂಗಡಿಯ ಲೆಕ್ಕ. 'ಈ ಒದ್ದಾಟಕ್ಕೆಲ್ಲ ಅರ್ಥ ಏನಕ್ಕಾ? ಇದು ಮುಗಿಯದೆ ನಾನು ಬರೆಯುವುದು ಹೇಗೆ?' ಎಂದು ಕೇಳಿದ್ದೀಯ.

ಕಷ್ಟ ಉಂಡರೆ ಬರವಣಿಗೆ ಗಟ್ಟಿಯಾಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ನಂಬಬೇಡ. ಕಷ್ಟ ಜಾಸ್ತಿ ಜನರನ್ನು ಸುಸ್ತು ಮಾಡುತ್ತದೆ, ಅಷ್ಟೇ. ಅಮ್ಮನ ಕಾಯಿಲೆ ನಿನಗೆ ಪಾಠ ಹೇಳಲು ಬಂದದ್ದಲ್ಲ. ಅದಕ್ಕೊಂದು ಅರ್ಥ ಹುಡುಕಿಕೊಡುವ ಹೊರೆಯನ್ನೂ ನೀನೇ ಹೊರಬೇಕಾಗಿಲ್ಲ.

ಆದರೆ ಮುಗಿಯಲಿ ಅಂತ ಕಾಯಬೇಡ. ನಾನು ಕಾದೆ. ನಮ್ಮತ್ತೆ ಲಕ್ವ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದರು. ಎಲ್ಲ ಮುಗಿದ ಮೇಲೆ ನೆಮ್ಮದಿಯಾಗಿ ಕೂತು ಬರೆಯೋಣ ಅಂದುಕೊಂಡೆ. ಮಾತು ಬಾರದ ಅವರು ನನ್ನನ್ನು ಕರೆಯಲು ಒಂದು ದನಿ ಮಾಡುತ್ತಿದ್ದರು. ಅರ್ಧ ನಗು, ಅರ್ಧ ಗದರಿಕೆ. ಅವರು ಹೋದ ಮೇಲೆ ಬರೆಯಲು ಕೂತರೆ ಆ ದನಿ ನೆನಪಿಗೇ ಬರಲಿಲ್ಲ. ಆರು ವರ್ಷ ದಿನಾ ಕೇಳಿದ್ದು! ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ನಿಮ್ಮ ಉಡುಪಿಯಲ್ಲೇ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದರಲ್ಲ, ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ನಮ್ಮ ಕವಿ ಮುದ್ದಣ. 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯದಿಂದ ತೀರಿಕೊಂಡರು. ಮೂವತ್ತೊಂದೇ ವರ್ಷ. 'ಶ್ರೀರಾಮಾಶ್ವಮೇಧ'ವನ್ನು ಯಾವುದೋ ಹಳೆಯ ಕಾವ್ಯ ಎನ್ನುವಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ್ದರು. ಬರೆದದ್ದು ಅವರೇ ಎಂದು ಲೋಕಕ್ಕೆ ಗೊತ್ತಾದದ್ದು ಅವರು ಹೋದ ಮೇಲೆ. ಆ ಪುಸ್ತಕ ತೆರೆದು ನೋಡು. ಮಳೆಗಾಲ. ಮನೆಗೆ ಬಂದ ಗಂಡ. ಕಥೆ ಹೇಳು ಎಂದು ಕಾಡುವ ಮನೋರಮೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಅಂತ ಅವಳ ಹಟ. ಗಂಡಹೆಂಡಿರ ಅಷ್ಟು ಸಲಿಗೆಯ, ಅಷ್ಟು ನಗುವಿನ ಮಾತು ಕನ್ನಡದಲ್ಲಿ ಬೇರೆಲ್ಲಿ ಇದೆಯೋ ನನಗಂತೂ ಕಾಣೆ. ಅದನ್ನು ಬರೆಯುವಾಗ ಅವರ ಬದುಕೇನೂ ಸಲೀಸಾಗಿರಲಿಲ್ಲ. ಹೆಸರಿನ ಆಸೆಗೆ ಬರೆದಿದ್ದರೆ ಹೆಸರು ಮುಚ್ಚಿಡುತ್ತಿರಲಿಲ್ಲ, ಅಲ್ವಾ? ಮನೋರಮೆಯ ಮಾತನ್ನು ಕೇಳಿಸಿಕೊಳ್ಳುವುದರಲ್ಲೇ ಅವರಿಗೆ ಏನೋ ಸಿಕ್ಕಿತ್ತು. ಆ ಪುಟ ಓದಿದಾಗಲೆಲ್ಲ ನನಗೆ ಹಾಗನ್ನಿಸುತ್ತದೆ.

ನಿನ್ನ ನಾಲ್ಕು ಪುಟದ ಪತ್ರದಲ್ಲಿ 'ನೋವು' ಎಂಬ ಮಾತು ಎಷ್ಟೋ ಸಲ ಬಂದಿದೆ. ಅದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಮ್ಮ ನನ್ನ ಕಣ್ಣಿಗೆ ಕಟ್ಟಿದ್ದು ಕೊನೆಯಲ್ಲಿ ನೀನು ಸುಮ್ನೆ ಹೇಳಿಬಿಟ್ಟ ಒಂದು ಸಾಲಿನಲ್ಲಿ. ಡಾಕ್ಟರು ದಿನಕ್ಕೆ ಇಷ್ಟೇ ನೀರು ಅಂದಿದ್ದಾರೆ. ಅಮ್ಮ ಬೆಳಿಗ್ಗೆಯೇ ಅದನ್ನು ಚೊಂಬಿಗೆ ಅಳೆದಿಡುತ್ತಾರೆ. ರಾತ್ರಿ ಅದರಲ್ಲೇ ಒಂದು ಗುಟುಕು ಉಳಿಸಿ ಮಲ್ಲಿಗೆ ಕುಂಡಕ್ಕೆ ಹಾಕುತ್ತಾರೆ.

ಕಥೆ ಅಂತ ಏನೂ ಬರೆಯಬೇಡ ಈಗ. ಅಷ್ಟು ಹೊತ್ತು ನಿನ್ನ ಹತ್ತಿರ ಇಲ್ಲ, ನನಗೆ ಗೊತ್ತು. ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ. ಆ ನಾಲ್ಕು ಗಂಟೆಯಲ್ಲಿ ಅಮ್ಮ ಆಡಿದ ಮಾತು ಹೇಗಿದ್ದರೆ ಹಾಗೇ ಎರಡು ಸಾಲು ಬರೆದಿಡು.

ಇನ್ನೊಂದು ಕೇಳಬೇಕು. ಮನೆಯಲ್ಲಿ ಬಾವಿ ಇದೆ ಅಂದಿದ್ದೆ. ಹಾಗಿದ್ದೂ ಮಲ್ಲಿಗೆಗೆ ತನ್ನ ಪಾಲಿನ ನೀರನ್ನೇ ಯಾಕೆ ಹಾಕುತ್ತಾರೆ? ಯಾವತ್ತಾದರೂ ಅಮ್ಮನನ್ನು ಕೇಳಿದ್ದೀಯಾ? ಕೇಳಿ, ನನಗೆ ಬರೆ.

ನಿನ್ನ ಅಕ್ಕ