ಮಗಳಿಗೊಂದು ಪತ್ರ: ಆರು ಪೋಕೆಮಾನ್‌ಗಳ ತಂಡ ಕಟ್ಟುವ ಬಗ್ಗೆ

ಬದಿಯಡ್ಕ

ಪ್ರೀತಿಯ ಮಗಳೇ,

ಇಲ್ಲಿ ನಾವೆಲ್ಲ ಕ್ಷೇಮ. ಮಂಗಳೂರಿನ ಹಾಸ್ಟೆಲಿನಲ್ಲಿ ನೀನೂ ಕ್ಷೇಮವಾಗಿರುವೆ ಎಂದು ನಂಬಿದ್ದೇನೆ. ನೀನು ಕಳುಹಿಸಿದ ಆರು ಪೋಕೆಮಾನ್‌ಗಳ ಪಟ್ಟಿಯನ್ನೂ, ಚೆರ್ಕಳದ ನಿನ್ನ ಗೆಳತಿಯ ಎದುರು ಸೋತ ಆಟದ ರಿಪ್ಲೇಯನ್ನೂ ನಿಧಾನವಾಗಿ ನೋಡಿದೆ. ನಿನ್ನ ಹತ್ತಿರ ಇರುವುದೆಲ್ಲವೂ ಭಾರೀ ಬಲದವು, ಹಾಗಿದ್ದರೂ ಯಾಕೆ ಸೋಲುತ್ತೇನೆ ಎಂದು ಕೇಳಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರಿಸಿದರೆ ಅರ್ಧ ಮರೆತುಹೋಗುತ್ತದೆ. ಎದುರಿಗಿಟ್ಟುಕೊಂಡು ತಂಡವನ್ನು ಹೊಸದಾಗಿ ಕಟ್ಟಲು ಅನುಕೂಲವಾಗಲಿ ಎಂದು ಬರೆದೇ ಕಳುಹಿಸುತ್ತಿದ್ದೇನೆ.

ನಿನ್ನ ಪಟ್ಟಿಯಲ್ಲಿ ಗಾರ್ಚೊಂಪ್, ಡ್ರಾಗೊನೈಟ್, ಸಲಮೆನ್ಸ್, ಚಾರಿಜಾರ್ಡ್, ಗ್ಯಾರಡಾಸ್ ಮತ್ತು ಪಿಕಾಚು ಇವೆ. ಮೊದಲಿನ ಮೂರರ ಮೂಲ ಅಂಕಿಗಳ, ಅಂದರೆ ಜೀವ, ದಾಳಿ, ರಕ್ಷಣೆ, ವೇಗ ಮುಂತಾದ ಆರರ, ಮೊತ್ತ ತಲಾ 600. ಬಿಡಿಬಿಡಿಯಾಗಿ ನೋಡಿದರೆ ಅವುಗಳಲ್ಲಿ ಯಾವುದನ್ನೂ ದುರ್ಬಲ ಎನ್ನುವ ಹಾಗಿಲ್ಲ. ಆದರೆ ಪ್ರತಿ ಪೋಕೆಮಾನಿಗೂ ಪ್ರತಿ ದಾಳಿಗೂ ಐಸ್, ರಾಕ್, ಫೈರ್ ಎಂಬಂಥ ಟೈಪ್ ಇರುತ್ತದೆಯಲ್ಲ, ಆ ಮೂರಕ್ಕೂ ಐಸ್ ಟೈಪಿನ ಪೆಟ್ಟು ನಾಲ್ಕು ಪಟ್ಟಾಗಿ ತಗಲುತ್ತದೆ. ಅದೇ ರೀತಿ ಡ್ರಾಗೊನೈಟ್, ಸಲಮೆನ್ಸ್, ಚಾರಿಜಾರ್ಡ್, ಗ್ಯಾರಡಾಸ್ ಈ ನಾಲ್ಕೂ ರಾಕ್ ಟೈಪಿಗೆ ಹೆದರುವಂಥವು. ನಿನ್ನ ಗೆಳತಿ ಮೊದಲ ಸರದಿಯಲ್ಲಿಯೇ ಸ್ಟೆಲ್ತ್ ರಾಕ್ ಹಾಕಿದ್ದನ್ನು ನೀನು ಗಮನಿಸಿದಂತೆ ಕಾಣಲಿಲ್ಲ. ಒಮ್ಮೆ ಹಾಕಿದರೆ, ತೆಗೆದುಹಾಕುವವರೆಗೂ ನಿನ್ನ ಕಡೆ ಕಣಕ್ಕಿಳಿಯುವ ಪ್ರತಿಯೊಂದಕ್ಕೂ ಆ ಕಲ್ಲುಗಳು ಚುಚ್ಚುತ್ತವೆ. ಸಾಧಾರಣ ಪೋಕೆಮಾನ್‌ಗೆ ಎಂಟನೇ ಒಂದು ಭಾಗದ ಜೀವ ಹೋದರೆ, ಡ್ರಾಗೊನೈಟ್‌ಗೆ ಕಾಲು ಭಾಗ, ಚಾರಿಜಾರ್ಡ್‌ಗೆ ಇಳಿದ ಕ್ಷಣದಲ್ಲಿಯೇ ಅರ್ಧ ಭಾಗ ಹೋಗುತ್ತದೆ. ಡ್ರಾಗೊನೈಟ್‌ನ ಮಲ್ಟಿಸ್ಕೇಲ್ ಗುಣವು ಜೀವ ಪೂರ್ತಿ ಇದ್ದಾಗ ಮಾತ್ರ ಪೆಟ್ಟನ್ನು ಅರ್ಧಕ್ಕೆ ಇಳಿಸುತ್ತದೆ. ಕಲ್ಲು ಚುಚ್ಚಿದ ಕೂಡಲೇ ಆ ರಕ್ಷಣೆಯೂ ಹೋಯಿತು. ಆಮೇಲೆ ಅವಳ ವೀವೈಲ್ ಬಂದು, ಎಲ್ಲರಿಗಿಂತ ಮೊದಲು ತಗಲುವ ಐಸ್ ಶಾರ್ಡ್ ಎಂಬ ಸಣ್ಣ ದಾಳಿಯಿಂದಲೇ ನಿನ್ನ ಮೂರು ಡ್ರ್ಯಾಗನ್‌ಗಳನ್ನು ಒಂದರ ಹಿಂದೆ ಒಂದರಂತೆ ಕೆಡವಿತು. ಅಲ್ಲಿ ನಿನ್ನ ಆಯ್ಕೆಗಳಿಗೆ ಆಸ್ಪದವೇ ಇರಲಿಲ್ಲ, ಏಕೆಂದರೆ ವೀವೈಲ್ ಎದುರು ಧೈರ್ಯದಿಂದ ಇಳಿಸಬಹುದಾದ ಒಂದೇ ಒಂದು ಪೋಕೆಮಾನ್ ನಿನ್ನ ಆರರಲ್ಲಿ ಇರಲಿಲ್ಲ.

ನಮ್ಮ ಊರ ಕಬಡ್ಡಿ ಪಂದ್ಯಾಟಗಳನ್ನು ನೀನು ಚಿಕ್ಕಂದಿನಿಂದ ನೋಡಿದವಳು. ಏಳು ಮಂದಿಯೂ ರೈಡರುಗಳೇ ಆಗಿರುವ ತಂಡವನ್ನು ಯಾರೂ ಕಟ್ಟುವುದಿಲ್ಲ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವವರೂ ಬೇಕು, ಹಿಡಿದವನಿಗೆ ಆಸರೆಯಾಗಿ ನುಗ್ಗುವವರೂ ಬೇಕು. ನಿನ್ನ ಆರೂ ರೈಡರುಗಳು.

ಆದ್ದರಿಂದ ಯಾವುದು ಹೆಚ್ಚು ಬಲದ್ದು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಬೇರೆ ಪ್ರಶ್ನೆಯಿಂದ ಶುರುಮಾಡು. ನಿನಗೆ ಬಹಳ ಇಷ್ಟವಾದ ಒಂದನ್ನು ಮೊದಲು ಆರಿಸಿಕೊ. ಅದು ಯಾವುದಕ್ಕೆ ಹೆದರುತ್ತದೆ ಎಂದು ಕೇಳಿಕೊ. ಆ ಹೆದರಿಕೆಯನ್ನು ನಿರಾಯಾಸವಾಗಿ ತಡೆದುಕೊಳ್ಳುವ ಎರಡನೆಯದನ್ನು ತಂದು ಪಕ್ಕದಲ್ಲಿ ನಿಲ್ಲಿಸು. ಬಳಿಕ ಆ ಎರಡನೆಯದರ ಹೆದರಿಕೆಗೆ ಉತ್ತರ ಹುಡುಕು. ಹದಿನೆಂಟು ಟೈಪುಗಳ ಕೋಷ್ಟಕವನ್ನು ಬಾಯಿಪಾಠ ಮಾಡುವುದಕ್ಕಿಂತ, ಹೀಗೆ ಒಂದೊಂದಾಗಿ ಸರಪಣಿ ಹೆಣೆಯುವಾಗ ಕಲಿತದ್ದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ನಿನಗೆ ಗಾರ್ಚೊಂಪ್ ಇಷ್ಟ, ನನಗೂ ಇಷ್ಟ, ಅದರಿಂದಲೇ ಶುರುಮಾಡೋಣ. ಡ್ರ್ಯಾಗನ್ ಮತ್ತು ಗ್ರೌಂಡ್ ಸೇರಿದ ಇದಕ್ಕೆ ಐಸ್, ಡ್ರ್ಯಾಗನ್, ಫೇರಿ ಈ ಮೂರು ಶತ್ರುಗಳು. ಸ್ಟೀಲ್ ಮತ್ತು ಫ್ಲೈಯಿಂಗ್ ಸೇರಿದ ಕಾರ್ವಿನೈಟ್ ಡ್ರ್ಯಾಗನ್ ಪೆಟ್ಟನ್ನೂ ಫೇರಿ ಪೆಟ್ಟನ್ನೂ ಅರ್ಧಕ್ಕೆ ಇಳಿಸುತ್ತದೆ. ಕಾರ್ವಿನೈಟ್ ಹೆದರುವುದು ಫೈರ್ ಮತ್ತು ಎಲೆಕ್ಟ್ರಿಕ್ ದಾಳಿಗಳಿಗೆ. ಗಾರ್ಚೊಂಪ್‌ಗೆ ಎಲೆಕ್ಟ್ರಿಕ್ ತಗಲುವುದೇ ಇಲ್ಲ, ಫೈರ್ ಅರ್ಧ ಮಾತ್ರ ತಗಲುತ್ತದೆ. ಹೀಗೆ ಒಂದಕ್ಕೊಂದು ಆಸರೆಯಾದ ಈ ಜೋಡಿಗೆ ಐಸ್ ಒಂದರ ಭಯ ಉಳಿಯಿತು. ಅಲ್ಲಿಗೆ ವಾಷಿಂಗ್ ಮೆಷಿನ್ ರೂಪದ ರೋಟಮ್ ಬರಲಿ. ಎಲೆಕ್ಟ್ರಿಕ್ ಮತ್ತು ವಾಟರ್ ಸೇರಿದ ಅದಕ್ಕೆ ಐಸ್ ಅರ್ಧ ಮಾತ್ರ ತಗಲುತ್ತದೆ. ಲೆವಿಟೇಟ್ ಗುಣದಿಂದಾಗಿ ಗ್ರೌಂಡ್ ದಾಳಿ ತಾಗುವುದೇ ಇಲ್ಲ. ಇನ್ನು ಅದಕ್ಕೆ ಉಳಿದಿರುವ ಒಂದೇ ದೌರ್ಬಲ್ಯವೆಂದರೆ ಗ್ರಾಸ್, ಆ ಗ್ರಾಸ್ ಪೆಟ್ಟನ್ನು ಕಾರ್ವಿನೈಟ್ ಕಾಲು ಭಾಗಕ್ಕೆ ಇಳಿಸಿಬಿಡುತ್ತದೆ. ಈ ಮೂರನ್ನು ಕಾಗದದ ಮೇಲೆ ತ್ರಿಕೋನವಾಗಿ ಬರೆದು, ಯಾವುದು ಯಾವುದರ ಪರವಾಗಿ ಇಳಿಯುತ್ತದೆ ಎಂದು ಬಾಣ ಎಳೆದು ನೋಡು. ಸಮತೋಲನ ಎಂದು ಆಟಗಾರರು ಹೇಳುವುದು ಏನನ್ನು ಎಂಬುದು ಆ ಬಾಣಗಳಲ್ಲಿಯೇ ಕಾಣುತ್ತದೆ.

ಕಾರ್ವಿನೈಟ್‌ಗೆ ಇನ್ನೊಂದು ಕೆಲಸವೂ ಇದೆ. ಅದಕ್ಕೆ ಡಿಫಾಗ್ ಕಲಿಸಿದರೆ ನಿನ್ನ ಕಡೆ ಬಿದ್ದಿರುವ ಸ್ಟೆಲ್ತ್ ರಾಕ್ ಗುಡಿಸಿಹೋಗುತ್ತದೆ. ಜೊತೆಗೆ ರೂಸ್ಟ್ ಇದ್ದರೆ ಕಳೆದುಕೊಂಡ ಜೀವದಲ್ಲಿ ಅರ್ಧವನ್ನು ತಾನೇ ತುಂಬಿಕೊಳ್ಳುತ್ತದೆ ಎಂದಲ್ಲ, ಪೂರ್ತಿ ಜೀವದ ಅರ್ಧದಷ್ಟನ್ನು ತುಂಬಿಕೊಳ್ಳುತ್ತದೆ. ಈ ವ್ಯತ್ಯಾಸ ಆಟದಲ್ಲಿ ಬಹಳ ದೊಡ್ಡದು. ನಿನ್ನ ಕಡೆಯಿಂದ ಸ್ಟೆಲ್ತ್ ರಾಕ್ ಹಾಕುವ ಕೆಲಸವನ್ನು ಗಾರ್ಚೊಂಪ್ ಮಾಡಲಿ.

ಈಗ ಇನ್ನೊಂದು ಭೇದವನ್ನು ಗಮನಿಸಬೇಕು. ಈ ಆಟದಲ್ಲಿ ಮೈಬಲದ ದಾಳಿ ಬೇರೆ, ಸ್ಪೆಷಲ್ ದಾಳಿ ಬೇರೆ. ಒಂದನ್ನು ತಡೆಯುವ ಗೋಡೆ ಇನ್ನೊಂದನ್ನು ತಡೆಯಬೇಕೆಂದಿಲ್ಲ. ಕಾರ್ವಿನೈಟ್ ಮುಖ್ಯವಾಗಿ ಮೈಬಲದ ದಾಳಿಯನ್ನು ತಡೆಯುವಂಥದ್ದು. ಸ್ಪೆಷಲ್ ದಾಳಿಗೆ ಬ್ಲಿಸ್ಸಿಯಷ್ಟು ಗಟ್ಟಿಯಾದದ್ದು ಹೊಸಬರಿಗೆ ಇನ್ನೊಂದು ಸಿಗದು. ಅದರ ಮೂಲ ಜೀವಬಲ 255, ಸ್ಪೆಷಲ್ ಡಿಫೆನ್ಸ್ 135. ಆದರೆ ಮೈಬಲದ ದಾಳಿಯನ್ನು ತಡೆಯುವ ಡಿಫೆನ್ಸ್ ಬರೀ 10. ಇಷ್ಟು ಏರುಪೇರಿನ ಅಂಕಿಗಳಿರುವುದರಿಂದ ಅದನ್ನು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು ಎಂಬುದು ನಿನಗೆ ಬೇಗನೇ ತಿಳಿಯುತ್ತದೆ. ಬ್ಲಿಸ್ಸಿ ಹೆದರುವುದು ಫೈಟಿಂಗ್ ಟೈಪಿಗೆ. ಘೋಸ್ಟ್ ಮತ್ತು ಪಾಯಿಸನ್ ಸೇರಿದ ಗೆಂಗಾರ್‌ಗೆ ಫೈಟಿಂಗ್ ತಗಲುವುದೇ ಇಲ್ಲ. ಗೆಂಗಾರ್ ಹೆದರುವ ಘೋಸ್ಟ್ ದಾಳಿ ಬ್ಲಿಸ್ಸಿಗೆ ತಗಲುವುದಿಲ್ಲ. ಈ ಜೋಡಿ ನನಗೆ ಮೊದಲ ಜೋಡಿಗಿಂತಲೂ ಹೆಚ್ಚು ಸೊಗಸಾಗಿ ಕಾಣುತ್ತದೆ. ಜೊತೆಗೆ ಗೆಂಗಾರ್‌ನ ಸ್ಪೆಷಲ್ ಅಟ್ಯಾಕ್ 130, ವೇಗ 110 ಇರುವುದರಿಂದ, ಗಾರ್ಚೊಂಪ್‌ನ ಮೈಬಲದ ದಾಳಿಯನ್ನು ಗೋಡೆಯಂತೆ ತಡೆಯುವ ಎದುರಾಳಿಗಳನ್ನು ಇನ್ನೊಂದು ಬದಿಯಿಂದ ಒಡೆಯುವ ಕೆಲಸ ಅದರದ್ದಾಗುತ್ತದೆ.

ಐದಾಯಿತು. ಆರನೆಯದನ್ನು ಆರಿಸುವಾಗ, ಈ ಐದಕ್ಕೂ ಸಮಾನವಾಗಿ ಕಷ್ಟ ಕೊಡುವುದು ಯಾವುದು ಎಂದು ಹುಡುಕಬೇಕು. ನೋಡಿದರೆ ಡಾರ್ಕ್ ದಾಳಿಯನ್ನು ಅರ್ಧಕ್ಕೆ ಇಳಿಸುವಂಥದ್ದು ಈ ಐದರಲ್ಲಿ ಒಂದೂ ಇಲ್ಲ, ಗೆಂಗಾರ್‌ಗಂತೂ ಅದು ಎರಡು ಪಟ್ಟು ತಗಲುತ್ತದೆ. ನಿನ್ನ ಗೆಳತಿಯ ವೀವೈಲ್ ಡಾರ್ಕ್ ಮತ್ತು ಐಸ್ ಎರಡೂ ಸೇರಿದ್ದು, ಅದರ ಮೂಲ ವೇಗ 125. ಆದ್ದರಿಂದ ವಾಟರ್ ಮತ್ತು ಫೇರಿ ಸೇರಿದ ಅಜುಮರಿಲ್ ಅನ್ನು ನಾನು ಸೂಚಿಸುತ್ತೇನೆ. ಐಸ್ ಕೂಡ ಅರ್ಧ, ಡಾರ್ಕ್ ಕೂಡ ಅರ್ಧ. ಮರಳಿ ಅದು ಕೊಡುವ ಫೇರಿ ಪೆಟ್ಟು ವೀವೈಲ್‌ಗೆ ಎರಡು ಪಟ್ಟು. ಅಜುಮರಿಲ್‌ನ ಮೂಲ ಅಟ್ಯಾಕ್ 50 ಎಂದು ನೋಡಿ ಮೂಗು ಮುರಿಯಬೇಡ. ಹ್ಯೂಜ್ ಪವರ್ ಗುಣವು ಅದರ ಅಟ್ಯಾಕನ್ನು ಎರಡು ಪಟ್ಟು ಮಾಡುತ್ತದೆ, ಆಕ್ವಾ ಜೆಟ್ ಎಂಬ ದಾಳಿ ಅದರ ನಿಧಾನಗತಿಯನ್ನು ಮೀರಿ ಮೊದಲೇ ತಗಲುತ್ತದೆ.

ಪಿಕಾಚುವನ್ನು ಬಿಡಲು ನಿನಗೆ ಮನಸ್ಸಾಗುವುದಿಲ್ಲ ಎಂದು ಬಲ್ಲೆ. ಲೈಟ್ ಬಾಲ್ ಎಂಬ ವಸ್ತುವನ್ನು ಹಿಡಿಸಿದರೆ ಅದರ ಎರಡೂ ಬಗೆಯ ದಾಳಿಬಲ ಇಮ್ಮಡಿಯಾಗುವುದು ನಿಜ, ಆದರೆ 35ರ ಜೀವಬಲಕ್ಕೆ ಒಂದು ಪೆಟ್ಟನ್ನು ತಡೆದು ನಿಲ್ಲುವ ಶಕ್ತಿಯಿಲ್ಲ. ಈ ತಂಡದಲ್ಲಿ ಅದಕ್ಕೆ ಜಾಗವಿಲ್ಲ ಎಂದೇ ನನ್ನ ಅಭಿಪ್ರಾಯ. ಹಾಗೆಂದು ಚಿಕ್ಕ ಪೋಕೆಮಾನ್‌ಗಳಿಂದ ಏನೂ ಆಗದು ಎಂದು ತಿಳಿಯಬೇಡ. 2014ರ ವಿಶ್ವ ಚಾಂಪಿಯನ್‌ಶಿಪ್ಪನ್ನು ಗೆದ್ದ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಅವರ ತಂಡದಲ್ಲಿ ಪಾಚಿರಿಸು ಎಂಬ ಪುಟ್ಟ ಎಲೆಕ್ಟ್ರಿಕ್ ಅಳಿಲು ಇತ್ತು. ಅದರ ಅಂಕಿಗಳ ಮೊತ್ತ 405 ಮಾತ್ರ. ಇಬ್ಬಿಬ್ಬರನ್ನು ಕಣಕ್ಕಿಳಿಸುವ ಆ ಆಟದಲ್ಲಿ ಪಾಚಿರಿಸು ಫಾಲೋ ಮಿ ಬಳಸಿ ಎದುರಾಳಿಯ ದಾಳಿಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಿತ್ತು, ಅದೇ ತಂಡದ ಗ್ಯಾರಡಾಸ್ ಅತ್ಯಂತ ಹೆದರುವ ಎಲೆಕ್ಟ್ರಿಕ್ ದಾಳಿಗಳನ್ನು ವೋಲ್ಟ್ ಅಬ್ಸಾರ್ಬ್ ಗುಣದಿಂದ ನುಂಗಿ ಜೀವ ತುಂಬಿಕೊಳ್ಳುತ್ತಿತ್ತು. ಅವರು ಅದನ್ನು ಮುದ್ದಾಗಿದೆ ಎಂದು ಇಟ್ಟುಕೊಂಡದ್ದಲ್ಲ, ಆ ಜಾಗದ ಕೆಲಸವನ್ನು ಬೇರೆ ಯಾವುದೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ ಎಂದು ಇಟ್ಟುಕೊಂಡದ್ದು. ಪಿಕಾಚುವಿಗೂ ಅಂಥದ್ದೊಂದು ಕೆಲಸವನ್ನು ನೀನು ಕಂಡುಹಿಡಿದರೆ ನಾನು ಸಂತೋಷದಿಂದ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಇನ್ನು ಅಂಕಿಗಳ ವಿಷಯ. ಪ್ರತಿಯೊಂದು ಪೋಕೆಮಾನ್‌ಗೂ ಆರು ಅಂಕಿಗಳಿಗೆ ಹಂಚಲು 510 ಇವಿಗಳಿವೆ (ಇವಿ ಎಂದರೆ ಅಂಕಿಯನ್ನು ಹೆಚ್ಚಿಸುವ ಪಾಯಿಂಟು), ಒಂದು ಅಂಕಿಗೆ 252ಕ್ಕಿಂತ ಹೆಚ್ಚು ಹಾಕುವಂತಿಲ್ಲ. ನೀನು ಆರಕ್ಕೆ ಆರೂ ಅಂಕಿಗಳಿಗೆ ಸಮವಾಗಿ ಹಂಚಿರುವುದನ್ನು ನೋಡಿದೆ. ಅದು ನ್ಯಾಯವಾಗಿ ಕಂಡರೂ ಪ್ರಯೋಜನವಿಲ್ಲದ ಹಂಚಿಕೆ, ಏಕೆಂದರೆ ದಾಳಿ ಮಾಡುವುದಕ್ಕೆ ಬೇಕಾದದ್ದು ಬಲ ಮತ್ತು ವೇಗ, ತಡೆಯುವುದಕ್ಕೆ ಬೇಕಾದದ್ದು ಜೀವ ಮತ್ತು ರಕ್ಷಣೆ. ಗಾರ್ಚೊಂಪ್‌ಗೆ ಅಟ್ಯಾಕಿನಲ್ಲಿ 252, ವೇಗದಲ್ಲಿ 252 ಹಾಕಿ, ಉಳಿದ ಆರರಲ್ಲಿ ನಾಲ್ಕನ್ನು ಎಲ್ಲಿಯಾದರೂ ಸೇರಿಸು. ಸ್ವಭಾವವನ್ನು ಅಟ್ಯಾಕ್ ಹೆಚ್ಚಿಸುವ ಅಡಮಂಟ್ ಬದಲು ವೇಗ ಹೆಚ್ಚಿಸುವ ಜಾಲಿ ಮಾಡು. ಇದು ಸಣ್ಣ ಸಂಗತಿ ಎನಿಸಬಹುದು, ಲೆಕ್ಕ ನೋಡು: ನೂರನೇ ಲೆವೆಲ್ಲಿನಲ್ಲಿ ಜಾಲಿ ಗಾರ್ಚೊಂಪ್‌ನ ವೇಗ 333, ಅಡಮಂಟ್ ಆದರೆ 303. ಪೂರ್ತಿ ವೇಗಕ್ಕೆ ತಯಾರಾದ ಸಲಮೆನ್ಸ್ ಅಥವಾ ಚಾರಿಜಾರ್ಡ್‌ನ ವೇಗ 328. ಹತ್ತು ಪ್ರತಿಶತ ಹೆಚ್ಚಿನ ಅಟ್ಯಾಕಿಗೆ ಆಸೆಪಟ್ಟರೆ ಇವೆಲ್ಲವೂ ನಿನಗಿಂತ ಮೊದಲು ಹೊಡೆಯುತ್ತವೆ. ಈ ಆಟದಲ್ಲಿ ಮೊದಲು ಹೊಡೆಯುವುದರ ಬೆಲೆ ಬಹಳ ಹೆಚ್ಚು.

ದಾಳಿಗಳನ್ನು ಆರಿಸುವಾಗ ಬಲದ ಅಂಕಿಯೊಂದನ್ನೇ ನೋಡಬಾರದು. ಗಾರ್ಚೊಂಪ್‌ನ ಅಟ್ಯಾಕ್ 130, ಸ್ಪೆಷಲ್ ಅಟ್ಯಾಕ್ 80. ಅದಕ್ಕೆ ನೀನು ಕೊಟ್ಟಿರುವ ಫೈರ್ ಬ್ಲಾಸ್ಟ್ ಸ್ಪೆಷಲ್ ದಾಳಿಯಾದ್ದರಿಂದ ಅಲ್ಲಿ ಅದರ ಪೂರ್ತಿ ಶಕ್ತಿ ಬಳಕೆಯಾಗುವುದಿಲ್ಲ. ಹಾಗೆಯೇ ಹೈಡ್ರೋ ಪಂಪ್‌ನ ಬಲ 110 ಇದ್ದರೂ ಅದು ನೂರರಲ್ಲಿ ಎಂಬತ್ತು ಸಲ ಮಾತ್ರ ತಗಲುತ್ತದೆ, ಸರ್ಫ್‌ನ ಬಲ 90, ಅದು ಗುರಿ ತಪ್ಪುವುದಿಲ್ಲ; ಸರಾಸರಿ ನೋಡಿದರೆ 88 ಮತ್ತು 90. ಎರಡರಲ್ಲಿ ಒಂದನ್ನು ಆರಿಸಲು ಅವಕಾಶವಿರುವ ಕಡೆ ಗುರಿ ತಪ್ಪದ್ದನ್ನೇ ಆರಿಸು. ರೋಟಮ್‌ಗೆ ಸರ್ಫ್ ಕಲಿಯಲು ಬರುವುದಿಲ್ಲವಾದ್ದರಿಂದ ಅಲ್ಲಿ ಹೈಡ್ರೋ ಪಂಪ್ ಅನಿವಾರ್ಯ. ಅದಕ್ಕೆ ಹೊಡೆದು ಹಿಂದೆ ಸರಿಯುವ ವೋಲ್ಟ್ ಸ್ವಿಚ್ ಮತ್ತು ಎದುರಾಳಿಗೆ ಸುಟ್ಟಗಾಯ ಮಾಡುವ ವಿಲ್-ಒ-ವಿಸ್ಪ್ ತಪ್ಪದೆ ಕೊಡು. ಸುಟ್ಟಗಾಯವಾದ ಎದುರಾಳಿಯ ಮೈಬಲದ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ. ನಾಲ್ಕೂ ಜಾಗವನ್ನು ದಾಳಿಗಳಿಂದಲೇ ತುಂಬಿಸುವ ಅಭ್ಯಾಸವನ್ನು ಇಲ್ಲಿಂದಲೇ ಬಿಡಬಹುದು.

ತಂಡ ಸಿದ್ಧವಾದ ಮೇಲೆ ಅತ್ಯಂತ ಕಷ್ಟದ ಕೆಲಸ ಉಳಿಯುತ್ತದೆ, ಅದು ಹಿಂದೆ ಕರೆಸುವುದು. ನಿನ್ನ ರಿಪ್ಲೇಯಲ್ಲಿ ಒಂದು ಪೋಕೆಮಾನ್ ಕೆಳಗೆ ಬೀಳುವವರೆಗೂ ನೀನು ಅದನ್ನು ಬದಲಾಯಿಸಲೇ ಇಲ್ಲ. ಹೆದರಬೇಕಾದ ಎದುರಾಳಿ ಬಂದಾಗ ಗಾರ್ಚೊಂಪ್ ಅನ್ನು ಹಿಂದೆ ಕರೆದು, ಆ ಪೆಟ್ಟನ್ನು ಸುಲಭವಾಗಿ ತಡೆದುಕೊಳ್ಳುವಂಥದ್ದನ್ನು ಇಳಿಸುವುದರಲ್ಲಿಯೇ ಈ ಆಟದ ಬಹುಪಾಲು ಬುದ್ಧಿ ಅಡಗಿದೆ. ನಾವು ಎಳೆದ ಬಾಣಗಳೆಲ್ಲ ಅದಕ್ಕಾಗಿಯೇ. ಆಟದ ಆರಂಭದಲ್ಲಿ ಎದುರಾಳಿಯ ಆರೂ ಪೋಕೆಮಾನ್‌ಗಳು ನಿನಗೆ ಕಾಣಿಸುತ್ತವೆಯಲ್ಲ, ಆಗ ಅವಸರ ಮಾಡಬೇಡ. ಅವುಗಳಲ್ಲಿ ಯಾವುದು ನಿನ್ನ ತಂಡಕ್ಕೆ ಅತಿ ಅಪಾಯಕಾರಿ, ಅದಕ್ಕೆ ನಿನ್ನ ಉತ್ತರ ಯಾವುದು ಎಂದು ಗುರುತಿಸಿಕೊಂಡು, ಆ ಉತ್ತರವನ್ನು ಕೊನೆಯವರೆಗೂ ಜೋಪಾನ ಮಾಡು. ಗೆಳತಿಯ ಎದುರು ಆ ಉತ್ತರ ಅಜುಮರಿಲ್. ವೀವೈಲ್ ಜೀವಂತವಾಗಿರುವವರೆಗೆ ಅದನ್ನು ಬೇರೆ ಯಾವುದೋ ಸಣ್ಣ ಲಾಭಕ್ಕಾಗಿ ಬಲಿಕೊಡಬೇಡ.

ಪೋಕೆಮಾನ್ ಶೋಡೌನ್‌ನಲ್ಲಿ ಹಣ ಕೊಡದೆ ಬ್ರೌಸರಿನಲ್ಲಿಯೇ ಅಭ್ಯಾಸ ಮಾಡಬಹುದಾದ್ದರಿಂದ ಸದ್ಯ ಹೊಸ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಒಂದೆರಡು ಸೋಲಿಗೆ ತಂಡವನ್ನೇ ಕೆಡವಿ ಬೇರೆ ಕಟ್ಟಬೇಡ. ಕನಿಷ್ಠ ಇಪ್ಪತ್ತು ಆಟಗಳಾದರೂ ಇದೇ ಆರರೊಂದಿಗೆ ಆಡು. ಮತ್ತೆ ಮತ್ತೆ ಒಂದೇ ಎದುರಾಳಿಗೆ ಸೋಲುತ್ತಿದ್ದೀಯೆಂದು ರಿಪ್ಲೇಗಳಿಂದ ಖಚಿತವಾದರೆ ಮಾತ್ರ ಒಂದನ್ನು ಬದಲಾಯಿಸು. ಇಬ್ಬಿಬ್ಬರನ್ನು ಇಳಿಸಿ ಆಡುವ ಅಧಿಕೃತ ಸ್ಪರ್ಧೆಯ ಬಗೆಯಲ್ಲಿ ಆರರಿಂದ ನಾಲ್ಕನ್ನು ಆರಿಸಿ ಆಡಬೇಕು, ಅಲ್ಲಿನ ಲೆಕ್ಕಾಚಾರವೇ ಬೇರೆ. ಅದು ಇದರಲ್ಲಿ ಕೈ ಪಳಗಿದ ಮೇಲೆ.

ಪರೀಕ್ಷೆ ಮುಗಿಯುವವರೆಗೆ ಆಟ ಭಾನುವಾರಕ್ಕೆ ಮಾತ್ರ ಇರಲಿ. ಗೆಳತಿಯೊಂದಿಗೆ ಮುಂದಿನ ಆಟವಾದ ಕೂಡಲೇ ಗೆದ್ದರೂ ಸೋತರೂ ರಿಪ್ಲೇ ಕಳುಹಿಸು, ತಮ್ಮನೂ ನೋಡಲು ಕಾಯುತ್ತಿದ್ದಾನೆ. ಗೆಂಗಾರ್‌ಗೆ ಯಾವ ನಾಲ್ಕು ದಾಳಿಗಳನ್ನು ಕೊಟ್ಟೆ ಎಂಬುದನ್ನೂ ಬರೆ. ಅದನ್ನು ನಾನು ಬೇಕೆಂದೇ ನಿನ್ನ ಆಯ್ಕೆಗೆ ಬಿಟ್ಟಿದ್ದೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ