ಲಾಸ್ಟ್ ಅಂದರೆ ಕೊನೆಯೇ?

ಮಡಿಕೇರಿ

ಪ್ರೀತಿಯ ತಂಗಿ,

ಆ ಇಂಗ್ಲಿಷ್ ಕಥೆಯ ನಿನ್ನ ಅನುವಾದ ಕೈಸೇರಿತು. ಎರಡು ರಾತ್ರಿ ಕೂತು ಓದಿದೆ. ಮಾತುಕತೆ ಬಂದಲ್ಲೆಲ್ಲ ನಿನ್ನ ಕನ್ನಡಕ್ಕೆ ಜೀವವಿದೆ. ನನ್ನನ್ನು ತಡೆದದ್ದು ಒಂದೇ ಪದ: ಲಾಸ್ಟ್. ಹೆಚ್ಚಿನ ಕಡೆ ಅದನ್ನು ‘ಕೊನೆಯ’ ಎಂದಿದ್ದೀಯ. ಮಗಳು ‘ಅಮ್ಮನ ಕೊನೆಯ ಪತ್ರ’ ಓದುತ್ತಾಳೆ. ಎರಡು ಪುಟ ದಾಟಿದರೆ ಅಮ್ಮನಿಂದ ಇನ್ನೊಂದು ಪತ್ರ ಬರುತ್ತದೆ. ಅಷ್ಟರಲ್ಲಿ ನಾನು ಆ ತಾಯಿ ತೀರಿಕೊಂಡಳೆಂದೇ ನಂಬಿದ್ದೆ.

ಇದೇ ತಪ್ಪು ನನ್ನಿಂದಲೂ ಆಗಿದೆ. ಹಿರಿಯರೊಬ್ಬರ ಬಗೆಗಿನ ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುವಾಗ ‘ಹಿಸ್ ಲಾಸ್ಟ್ ಬುಕ್’ ಅನ್ನುವುದನ್ನು ‘ಅವರ ಕೊನೆಯ ಪುಸ್ತಕ’ ಎಂದು ಬರೆದುಬಿಟ್ಟೆ. ಆಗ ಅವರು ಮುಂದಿನ ಪುಸ್ತಕದ ಕರಡು ತಿದ್ದುತ್ತಿದ್ದರು. ಬೈಯಲಿಲ್ಲ. ‘ಇನ್ನು ನಾನು ಬರೆಯಬಾರದೇನಪ್ಪಾ?’ ಎಂದಷ್ಟೇ ಕೇಳಿದರು. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಲಾಸ್ಟ್ ಹುಟ್ಟಿದ್ದು ಲೇಟ್ ಎಂಬ ಪದದಿಂದ. ಹಳೆಯ ಇಂಗ್ಲಿಷಿನಲ್ಲಿ ಅದು ‘ಎಲ್ಲಕ್ಕಿಂತ ತಡವಾದದ್ದು’. ಹಾಗೆ ತಡವಾಗಿ ಬಂದದ್ದರ ಬೆನ್ನಿಗೆ ಇನ್ನೊಂದು ಬಂದರೂ ಬರಬಹುದು. ನಮ್ಮಲ್ಲಿ ‘ಕಳೆದ’ ಬೇರೆ, ‘ಕೊನೆಯ’ ಬೇರೆ. ನಮ್ಮ ಸುಗ್ಗಿಹಬ್ಬ ಪುತ್ತರಿಯನ್ನೇ ನೋಡು: ‘ಲಾಸ್ಟ್ ಪುತ್ತರಿ’ ಅಂದರೆ ಕಳೆದ ಪುತ್ತರಿ. ಬರುವ ವರ್ಷ ಕದಿರು ಮತ್ತೆ ಮನೆತುಂಬುತ್ತದೆ. ‘ದ ಲಾಸ್ಟ್ ರಾಜಾ ಆಫ್ ಕೂರ್ಗ್’ ಅಂದರೆ ಕೊನೆಯ ಅರಸ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಕೊಡಗಿಗೆ ಇನ್ನೊಬ್ಬ ಅರಸ ಬರಲಿಲ್ಲ. ‘ಲಾಸ್ಟ್ ವೀಕ್’ ಕಳೆದ ವಾರ, ‘ದ ಲಾಸ್ಟ್ ವೀಕ್ ಆಫ್ ಜೂನ್’ ಜೂನಿನ ಕೊನೆಯ ವಾರ. ಇಲ್ಲೆಲ್ಲ ಮುಂದೆ ‘ದ’ ಇದೆಯೇ ಇಲ್ಲವೇ ಎಂಬುದೇ ಸುಳಿವು. ಆದರೆ ‘ದ’ ಬದಲು ‘ಹರ್’, ‘ಹಿಸ್’ ಬಂದಲ್ಲಿ ವ್ಯಾಕರಣ ಕೈಕೊಡುತ್ತದೆ. ಅಲ್ಲಿ ಮುಂದಿನ ಪುಟಗಳನ್ನು ಓದಿಯೇ ಅನುವಾದಿಸಬೇಕು, ಬೇರೆ ದಾರಿಯಿಲ್ಲ.

ವಿರಾಜಪೇಟೆ ಬಸ್ ಸ್ಟ್ಯಾಂಡಿನ ಅಜ್ಜಿಯ ಬಾಯಲ್ಲಿ ಮಾತ್ರ ‘ಅಂತಿಮ ಬಸ್ಸು’ ಬೇಡ. ಆಕೆ ಕೇಳುವುದು ‘ಲಾಸ್ಟ್ ಬಸ್ ಹೋಯ್ತಾ?’ ಅಂತಲೇ. ಹಾಗೇ ಇರಲಿ.

ಮೂವತ್ತೊಂದನೇ ಪುಟದಲ್ಲಿ ‘ಮಳೆ ಮೂರು ದಿನಕ್ಕೆ ಕೊನೆಯಾಯಿತು’ ಎಂದಿದೆ. ಅಲ್ಲಿರುವ ಲಾಸ್ಟ್ ಕ್ರಿಯಾಪದ, ಅದರ ಬೇರೇ ಬೇರೆ. ಹೆಜ್ಜೆಗುರುತು ಅನ್ನುವ ಅರ್ಥದ ಹಳೆಯ ಪದದಿಂದ ಬಂದದ್ದು. ಹೆಜ್ಜೆ ಹಿಡಿದು ಹೋಗು, ಬಿಡದೆ ಮುಂದುವರಿ ಎಂದಾಯಿತು. ಚಪ್ಪಲಿ ಹೊಲಿಯುವವರ ಪಾದದಚ್ಚಿಗೂ ಇಂಗ್ಲಿಷಿನಲ್ಲಿ ಲಾಸ್ಟ್ ಅನ್ನುತ್ತಾರೆ, ಅದೇ ಬಳಗ. ನಿನ್ನ ವಾಕ್ಯದಲ್ಲಿ ಮಳೆ ನಿಂತಿದೆ, ಮೂಲದಲ್ಲಿ ಸುರಿಯುತ್ತಿದೆ. ‘ಮೂರು ದಿನ ಮಳೆ ಬಿಡಲಿಲ್ಲ’ ಅನ್ನು. ಜುಲೈ ತಿಂಗಳ ಭಾಗಮಂಡಲ ಕಂಡವಳಿಗೆ ಇದನ್ನು ನಾನು ಹೇಳಿಕೊಡಬೇಕೇ? ಕಂಬಳಿಯ ಮಾತು ಬಂದಲ್ಲಿ ‘ಹತ್ತು ವರ್ಷ ಬಾಳಿಕೆ ಬಂತು’ ಎಂದು ಬರೆದಿದ್ದೀಯ, ಅದನ್ನು ಓದಿ ಖುಷಿಪಟ್ಟೆ. ‘ಬಾಳು’ ಒಳಗಿರುವ ಪದ ಅದು.

ಅಮ್ಮನ ಪತ್ರವನ್ನು ‘ಹೋದ ಸಲದ ಪತ್ರ’ ಎಂದು ತಿದ್ದು. ಆಕೆ ನಿಜಕ್ಕೂ ಕೊನೆಯದಾಗಿ ಬರೆದದ್ದು ಎಂಬತ್ತನೇ ಪುಟದಲ್ಲಿದೆ. ಅಲ್ಲಿ ಮೂಲದಲ್ಲಿ ಲಾಸ್ಟ್ ಎಂಬ ಪದವೇ ಇಲ್ಲ. ನೀನಾಗಿ ಸೇರಿಸಿದ ‘ಕೊನೆಯ’ವನ್ನು ತೆಗೆದುಹಾಕು.

ನಿನ್ನ
ಅಣ್ಣ