50,000 ರೂಪಾಯಿವರೆಗಿನ ವ್ಯಾಪಾರ ಸಾಲಕ್ಕೆ ಇನ್ನು ಆಸ್ತಿ ಜಾಮೀನು ಬೇಡ: ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರೇ, ಗ್ರಾಹಕರೇ,

ಬರುವ ತಿಂಗಳ 1ರಿಂದ ನಮ್ಮ ಪತ್ತಿನ ಸಹಕಾರ ಸಂಘದಲ್ಲಿ 50,000 ರೂಪಾಯಿವರೆಗಿನ ವ್ಯಾಪಾರ ಸಾಲಕ್ಕೆ ಮೈಸೂರಿನಲ್ಲಿ ಸ್ವಂತ ಮನೆ ಅಥವಾ ಸೈಟು ಇರುವ ಜಾಮೀನುದಾರರನ್ನು ಕರೆತರಬೇಕಾಗಿಲ್ಲ. ಅದಕ್ಕೂ ದೊಡ್ಡ ಸಾಲಕ್ಕೆ ಹಳೆಯ ನಿಯಮವೇ ಇರುತ್ತದೆ.

ಖಾತೆ ಪತ್ರ ಹಿಡಿದು ಬಂದು ಸಹಿ ಹಾಕುವ ನೆಂಟರು ಇಲ್ಲೇ ಹುಟ್ಟಿ ಬೆಳೆದವರಿಗೆ ಸಿಕ್ಕಾರು. ಬಿಹಾರದಿಂದ ಬಂದು ಪಾನಿಪೂರಿ ಗಾಡಿ ಇಟ್ಟವರಿಗೆ, ಬೈಲಕುಪ್ಪೆಯಿಂದ ಚಳಿಗಾಲಕ್ಕೆ ಸ್ವೆಟರ್ ತಂದು ಮಾರುವ ಟಿಬೆಟನ್ ಕುಟುಂಬಗಳಿಗೆ, ಮಂಡಿ ಮೊಹಲ್ಲಾದ ಬಾಡಿಗೆ ಮನೆಯಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವವರಿಗೆ ಎಲ್ಲಿ ಸಿಗಬೇಕು? ಅವರು ದಿನದ ಫೈನಾನ್ಸಿಗೆ ಹೋಗುತ್ತಾರೆ. ಕೈಗೆ 9,000 ಕೊಟ್ಟು, ದಿನಕ್ಕೆ 100ರಂತೆ 100 ದಿನ ವಸೂಲಿ. ಸಾವಿರ ರೂಪಾಯಿ ತಾನೇ ಅನ್ನಿಸುತ್ತದೆ. ಆದರೆ ಅಸಲು ದಿನದಿನವೂ ಕರಗುತ್ತಿರುವುದರಿಂದ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಶೇ 75 ದಾಟುತ್ತದೆ. ಕರ್ನಾಟಕದ ಲೇವಾದೇವಿ ಕಾಯ್ದೆಯ ಪ್ರಕಾರ ಭದ್ರತೆಯಿಲ್ಲದ ಸಾಲಕ್ಕೂ ಶೇ 16ರ ಮೇಲೆ ಹೋಗುವಂತಿಲ್ಲ. ಅಷ್ಟೇ ಹಣಕ್ಕೆ, ಅಷ್ಟೇ ದಿನಕ್ಕೆ ನಮ್ಮ ಶೇ 14ರ ದರದಲ್ಲಿ ಬೀಳುವ ಬಡ್ಡಿ ಸುಮಾರು 175 ರೂಪಾಯಿ.

ಜಾಮೀನಿನ ಬದಲು ಇಬ್ಬರು ವ್ಯಾಪಾರಿಗಳ ಸಹಿ ಸಾಕು. ಅವರು ಅದೇ ಬೀದಿ ಅಥವಾ ಮಾರುಕಟ್ಟೆಯವರಾಗಿರಬೇಕು, ನಿಮ್ಮ ಮನೆಯವರಾಗಿರಬಾರದು. ಒಂದೇ ಮನೆಯ ಮೂವರಾದರೆ ಒಬ್ಬರಿಗೆ ಕಾಯಿಲೆ ಬಂದಾಗ ಮೂವರ ದುಡಿಮೆಯೂ ಒಟ್ಟಿಗೇ ನಿಲ್ಲುತ್ತದೆ.

ಇನ್ನು ಕಾಗದಗಳು. ಅರ್ಜಿ ಹೆಚ್ಚಾಗಿ ನಿಲ್ಲುವುದೇ ಇಲ್ಲಿ, ಅದರಲ್ಲೂ ಹೆಸರಿನಲ್ಲಿ. ಆಧಾರ್‌ನಲ್ಲಿ ‘ಮೊಹಮ್ಮದ್’, ಪ್ಯಾನ್‌ನಲ್ಲಿ ‘ಎಂಡಿ’. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಆಧಾರ್ ಸರಿಯಿದ್ದರೆ ಅದನ್ನು ಮುಟ್ಟಬೇಡಿ, ಪ್ಯಾನನ್ನೇ ಅದಕ್ಕೆ ಹೊಂದಿಸಿ. ಟಿಬೆಟನ್ ವ್ಯಾಪಾರಿಗಳು ಸರ್ಕಾರ ತಮಗೆ ಕೊಟ್ಟಿರುವ, ಅವಧಿ ಮುಗಿಯದ ನೋಂದಣಿ ಪ್ರಮಾಣಪತ್ರವನ್ನು, ಅಂದರೆ ಆರ್‌ಸಿಯನ್ನು, ಗುರುತಿಗೆ ಕೊಡಬಹುದು.

ಅಂಗಡಿ ನಿಮ್ಮದೇ ಎಂಬುದಕ್ಕೆ ಬಾಡಿಗೆ ಕರಾರು, ಪಾಲಿಕೆಯ ಉದ್ದಿಮೆ ಪರವಾನಗಿ, ಬೀದಿ ವ್ಯಾಪಾರಿ ಗುರುತಿನ ಚೀಟಿ, ಇವುಗಳಲ್ಲಿ ಒಂದು ಸಾಕು. ಕರಾರಿಗೆ ಮಾಲೀಕರು ಒಪ್ಪದಿದ್ದರೆ ಆರು ತಿಂಗಳ ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ ತನ್ನಿ. ಬಾಡಿಗೆಯನ್ನು ನಗದಾಗಿ ಕೊಡುತ್ತಿರುವವರು ಈ ತಿಂಗಳಿಂದಲೇ ಯುಪಿಐನಲ್ಲಿ ಕೊಡಲು ಶುರುಮಾಡಿ. ಪಾಲಿಕೆಯ ಹಳೆಯ ಮಳಿಗೆಗಳಲ್ಲಿ ಬಾಡಿಗೆ ಪತ್ರ ಇನ್ನೂ ತಾತನ ಹೆಸರಿನಲ್ಲೇ ಇರುವುದುಂಟು. ಅಂಥವರು ವಂಶವೃಕ್ಷವನ್ನೂ ಪಾಲಿಕೆಗೆ ಬಾಡಿಗೆ ಕಟ್ಟಿದ ರಸೀದಿಯನ್ನೂ ತಂದರೆ ಪರಿಶೀಲಿಸುತ್ತೇವೆ.

ವಹಿವಾಟಿಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಗಾಡಿಯ ಮೇಲಿನ ಕ್ಯೂಆರ್ ಕೋಡ್ ಮಗನದೋ ಭಾವಮೈದುನನದೋ ಆಗಿದ್ದರೆ ನಿಮ್ಮ ದುಡಿಮೆ ಅವರ ಲೆಕ್ಕದಲ್ಲಿ ಕಾಣಿಸುತ್ತದೆ, ನಿಮ್ಮದರಲ್ಲಿ ಅಲ್ಲ. ನಿಮ್ಮ ಹೆಸರಿನಲ್ಲೇ ವ್ಯಾಪಾರಕ್ಕೆಂದು ಒಂದು ಖಾತೆ ತೆರೆಯಿರಿ. ಊರಿಗೆ ಕಳಿಸುವ ಹಣ, ಚೀಟಿ ಹಣ, ಕೈಸಾಲ ಅದರಲ್ಲಿ ಬೆರೆಯದಿರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸಿಗೆ ಹೆದರಿ ರಾಜ್ಯದಲ್ಲಿ ಅನೇಕರು ಕ್ಯೂಆರ್ ಕಿತ್ತು ಹಾಕಿದರು. ಯುಪಿಐ ಬಳಸಿದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಿಂಡಿ ಗಾಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ, ಗಮನವಿರಲಿ. ತಾಜಾ ತರಕಾರಿ, ಹಣ್ಣು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವೇ ಇಲ್ಲ. ಆದರೂ ಖರೀದಿ ಚೀಟಿಗಳನ್ನು ಎಸೆಯಬೇಡಿ, ನೋಟಿಸ್ ಬಂದಾಗ ಉತ್ತರ ಕೊಡುವುದು ಅವೇ.

ಬೀದಿ ವ್ಯಾಪಾರಿಗಳು ನಮ್ಮ ಹತ್ತಿರ ಬರುವ ಮೊದಲು ಬ್ಯಾಂಕಿನಲ್ಲಿ ಪಿಎಂ ಸ್ವನಿಧಿ, ಅಂದರೆ ಬೀದಿ ವ್ಯಾಪಾರಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆಯ ಸಾಲ ಕೇಳಿ. ಮೊದಲ ಸಲ 15,000ವರೆಗೆ, ಸರಿಯಾಗಿ ತೀರಿಸಿದರೆ 25,000ವರೆಗೆ, ಆಮೇಲೆ 50,000ವರೆಗೆ. ಗಡುವು ತಪ್ಪದೆ ಕಟ್ಟಿದರೆ ಶೇ 7ರಷ್ಟು ಬಡ್ಡಿ ಸಹಾಯಧನ ನಿಮ್ಮ ಖಾತೆಗೇ ಬರುತ್ತದೆ. ನಮ್ಮ ಸಾಲಕ್ಕಿಂತ ಅದು ಅಗ್ಗ. ಗುರುತಿನ ಚೀಟಿ ಇಲ್ಲದವರು ಪಾಲಿಕೆಯಿಂದ ಶಿಫಾರಸು ಪತ್ರ ಪಡೆಯಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯೂ ಪೂರ್ತಿ ಉಚಿತ. ಅದಕ್ಕೆಂದು ಯಾರು ದುಡ್ಡು ಕೇಳಿದರೂ ಕೊಡಬೇಡಿ.

ಮರುಪಾವತಿ ದಿನಕ್ಕೋ ವಾರಕ್ಕೋ, ನಿಮ್ಮ ಇಷ್ಟ. ಬಟ್ಟೆ, ಬಳೆ ವ್ಯಾಪಾರ ಆಷಾಢದಲ್ಲಿ ತಣ್ಣಗಾಗುತ್ತದೆ. ಆ ತಿಂಗಳು ಬಡ್ಡಿ ಮಾತ್ರ ಕಟ್ಟಿ ಅಸಲನ್ನು ದಸರಾ ತಿಂಗಳಿಗೆ ಸರಿಸಬಹುದು. ಇದನ್ನು ಸಾಲ ತೆಗೆಯುವಾಗಲೇ ಬರೆಸಿಕೊಳ್ಳಿ, ಕಂತು ತಪ್ಪಿದ ಮೇಲೆ ಕೇಳಿದರೆ ಆಗುವುದಿಲ್ಲ. ಪಿಗ್ಮಿ ಸಂಗ್ರಹಕಾರರು ಯಂತ್ರದ ರಸೀದಿ ಕೊಡದೆ ಹಣ ಕೇಳಿದರೆ ಕೊಡದಿರಿ.

ಠೇವಣಿ ಇಟ್ಟಿರುವವರಿಗೂ ಒಂದು ಮಾತು: ಈ ಬಗೆಯ ಸಾಲ ಸಂಘದ ಒಟ್ಟು ಸಾಲದ ಹತ್ತನೇ ಒಂದು ಭಾಗವನ್ನು ದಾಟುವುದಿಲ್ಲ.

ಅರ್ಜಿ ನಮೂನೆ ಕನ್ನಡ, ಉರ್ದು, ಹಿಂದಿಯಲ್ಲಿ ಸಿಗುತ್ತದೆ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ 2ರಿಂದ 4ರವರೆಗೆ ಅರ್ಜಿ ತುಂಬಿಕೊಡಲು ನಮ್ಮ ಸಿಬ್ಬಂದಿ ಇರುತ್ತಾರೆ. ಸಹಿ ಹಾಕುವ ಇಬ್ಬರೂ ಮೂಲ ಆಧಾರ್ ಹಿಡಿದು ನಿಮ್ಮ ಜೊತೆಯಲ್ಲೇ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ
ಮೈಸೂರು